ಮುದಿ ಕಾರಿಗೆ ಹಾರ್ಲಿಕ್ಸ್

ಪುಟ್ಟಿ, ನಿನ್ನೆ ಸಂಜೆ ಗೇಟಿನ ಹತ್ತಿರ ನಿಂತು ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲಿ ಕೊರೀತಾ ಇತ್ತು. "ದೊಡ್ಡಪ್ಪ, ಅಪ್ಪನ ಕಾರಿಗೆ ನೂರರ ಪೆಟ್ರೋಲು ಹಾಕಿಸಿದೆ. ಪಾಪ ವಯಸ್ಸಾಗಿದೆ, ಒಳ್ಳೇದು ಕುಡೀಲಿ ಅಂತ." ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮುದುಕರನ್ನು ನೋಡೋಕೆ ಹಾರ್ಲಿಕ್ಸ್ ಬಾಟಲಿ ಹಿಡಿದು ಬರ್ತಾರಲ್ಲ, ಹಾಗಿತ್ತು ನಿನ್ನ ಮಾತು. ಪ್ರೀತಿ ಸರಿ, ಲೆಕ್ಕ ತಪ್ಪು. ಬಾಯಲ್ಲಿ ಹೇಳಿದರೆ ನೀನು ನಡುವೆ ಫೋನು ನೋಡ್ತೀಯ, ನಾನು ನಡುವೆ ನಿಮ್ಮಪ್ಪನ ಕಥೆಗೆ ಇಳಿದುಬಿಡ್ತೀನಿ. ಅದಕ್ಕೇ ಬರೀತಿದ್ದೀನಿ.

ನಾನು ಬಸ್ಸಿನ ವರ್ಕ್‌ಶಾಪಿನಲ್ಲಿ ಸವೆದವನು, ನಿನಗೆ ಗೊತ್ತು. ನನ್ನದೆಲ್ಲ ಡೀಸೆಲ್ಲು. ಅಲ್ಲಿ ಎಲ್ಲ ತಿರುವುಮುರುವು: ಡೀಸೆಲ್ಲು ಒತ್ತಡಕ್ಕೆ ಸಿಕ್ಕ ಕೂಡಲೇ ತಾನಾಗಿ ಹತ್ತಿಕೊಳ್ಳಬೇಕು, ಎಷ್ಟು ಬೇಗ ಹತ್ತಿಕೊಂಡರೆ ಅಷ್ಟು ಒಳ್ಳೇದು. ಪೆಟ್ರೋಲು ಹಾಗಲ್ಲ. ಎಷ್ಟೇ ಅದುಮಿದರೂ ಪ್ಲಗ್ಗು ಕಿಡಿ ಕೊಡೋವರೆಗೆ ಸುಮ್ಮನೆ ಕೂತಿರಬೇಕು. ಹಾಗೆ ಕೂತಿರೋ ತಾಳ್ಮೆಗೇ ಆಕ್ಟೇನ್ ಅಂತ ಹೆಸರು, ನೀನು ಹೇಳಿದ ನೂರು ಅದರ ಅಂಕಿ. ಬಂಕಿನ ಹುಡುಗ "ನಾರ್ಮಲ್ಲಾ, ಪವರ್ರಾ ಮೇಡಂ?" ಅಂತ ಕೇಳಿದಾಗಲೇ ಎಡವಟ್ಟು ಶುರುವಾಗೋದು. ಪವರ್ರು ಅನ್ನೋದು ಡಬ್ಬಿಯ ಮೇಲಿನ ಹೆಸರು ಅಷ್ಟೆ. ಜಾಸ್ತಿ ಆಕ್ಟೇನಿನ ಒಂದು ಲೀಟರಲ್ಲಿ ಜಾಸ್ತಿ ಶಕ್ತಿ ತುಂಬಿಟ್ಟಿರೋದಿಲ್ಲ.

ದೀಪಾವಳಿಯಲ್ಲಿ ಪಟಾಕಿ ಸರಕ್ಕೆ ಬೆಂಕಿ ಹಚ್ತೀವಲ್ಲ. ತುದಿಯಿಂದ ಒಂದೊಂದೇ ಸಿಡೀತಾ ಹೋದರೆ ಚಂದ. ನೀನು ಹಚ್ಚಿದ ಬೆಂಕಿ ಬರೋ ಮೊದಲೇ ಆ ಕಡೆಯ ತುದಿ ಕಾದು ತಾನೇ ಧಡಾರ್ ಅಂದುಬಿಟ್ಟರೆ? ಇಂಜಿನ್ನಿನೊಳಗೂ ಅದೇ. ಪ್ಲಗ್ಗಿನಿಂದ ಹೊರಟ ಜ್ವಾಲೆ ಹರಡುತ್ತಾ ಬರುವಾಗ ಮೂಲೆಯಲ್ಲಿ ಉಳಿದ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಡೆಯಲಾರದೆ ಒಮ್ಮೆಗೇ ಸಿಡಿದರೆ ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು ಬಿದ್ದ ಹಾಗೆ. ಮೆಕ್ಯಾನಿಕ್ಕುಗಳು 'ನಾಕಿಂಗ್' ಅಂತಾರೆ. ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಸಿದಾಗ ತಗಡಿನ ಡಬ್ಬಿಯಲ್ಲಿ ಹುರುಳಿಕಾಳು ಅಲ್ಲಾಡಿಸಿದ ಹಾಗೆ ಕಟಕಟ ಕೇಳುತ್ತೆ. ಆ ಸದ್ದು ನಿನ್ನ ಕಾರಿನಲ್ಲಿ ಇದೆಯಾ? ಇಲ್ಲ ಅಂದೆ ನೀನು. ಹಾಗಾದರೆ ನೂರರ ಪೆಟ್ರೋಲು ಇಲ್ಲದ ರೋಗಕ್ಕೆ ಕೊಟ್ಟ ಔಷಧಿ.

ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಬಹುದು. ಐಸೋ-ಆಕ್ಟೇನ್ ಅನ್ನೋ ದ್ರವ ಬಲು ತಾಳ್ಮೆಯದು, ಅದಕ್ಕೆ 100 ಅಂತ ಅಂಕ ಕೊಟ್ಟರು. ಹೆಪ್ಟೇನ್ ಅನ್ನೋದು ಮುಟ್ಟಿದರೆ ಮುನಿ, ಅದಕ್ಕೆ ಸೊನ್ನೆ. ಪರೀಕ್ಷೆಯ ಇಂಜಿನ್ನಿನಲ್ಲಿ ನಿನ್ನ ಪೆಟ್ರೋಲು 91 ಪಾಲು ಅದು, 9 ಪಾಲು ಇದು ಬೆರೆಸಿದ ಮಿಶ್ರಣದ ಹಾಗೆ ವರ್ತಿಸಿದರೆ ಅದು 91. ಇಷ್ಟೇ ಗುಟ್ಟು. ಹೂಸ್ಟನ್ನಿನಲ್ಲಿರೋ ನಿನ್ನ ಅಣ್ಣ "ನಮ್ಮಲ್ಲಿ ಎಲ್ಲರೂ 87 ಹಾಕೋದು, ನಿಮ್ಮದೇ ವಾಸಿ" ಅಂತ ಮೆಸೇಜು ಹಾಕಿದ್ದನಲ್ಲ, ಅದರಿಂದ ಬೀಗಬೇಡ. ಅಲ್ಲಿಯವರು ಎರಡು ಥರದ ಪರೀಕ್ಷೆ ಮಾಡಿ ಅದರ ಸರಾಸರಿ ಬರೀತಾರೆ, ನಾವು ಒಂದೇ ಪರೀಕ್ಷೆಯ ಅಂಕಿ ಬರೀತೀವಿ. ಅವರ 87 ಹೆಚ್ಚುಕಮ್ಮಿ ನಮ್ಮ 91ಕ್ಕೆ ಸಮ. ಸೇರಿಗೂ ಕಿಲೋಗೂ ಇರೋ ವ್ಯತ್ಯಾಸದ ಥರ.

ಈಗ ನಿಮ್ಮಪ್ಪನ ಕಾರಿಗೆ ಬರೋಣ. 1996ರ ಮಾರುತಿ 800, ಕೆಎ-02 ನಂಬರು, ರಾಜಾಜಿನಗರ ಆರ್‌ಟಿಓದಲ್ಲಿ ನೋಂದಣಿ. ಮೂರು ಸಿಲಿಂಡರು, 796 ಸಿಸಿ, ಕಾರ್ಬುರೇಟರ್ ಗಾಡಿ. ಅದನ್ನು ತಂದ ದಿನ ಮಾರೇನಹಳ್ಳಿಯ ನಮ್ಮ ಓಣಿಯೊಳಗೆ ತಿರುಗಿಸೋಕೆ ನಿಮ್ಮಪ್ಪನಿಗೆ ಅರ್ಧ ಗಂಟೆ ಹಿಡೀತು. ಇಡೀ ಕ್ರಾಸು ಹೊರಗೆ ಬಂದು "ರೈಟ್ ರೈಟ್, ಇನ್ನೊಂಚೂರು" ಅಂತಿತ್ತು. ನೋಡಿದೆಯಾ, ಕಥೆಗೆ ಇಳಿದೆ. ವಿಷಯ ಏನಂದರೆ, ಆ ಕಾಲದಲ್ಲಿ ಈ ದೇಶದ ಬಂಕುಗಳಲ್ಲಿ ಮಾಮೂಲಿ ಪೆಟ್ರೋಲಿನ ಆಕ್ಟೇನು ನಮ್ಮ ಲೆಕ್ಕದಲ್ಲೇ 87. ದುಡ್ಡಿದ್ದವರಿಗೆ 93. ಮಾರುತಿಯವರು ಊರೂರಿನ ಬಂಕಲ್ಲಿ ಸಿಗೋ 87 ಕುಡಿದು ಓಡೋ ಇಂಜಿನ್ನನ್ನೇ ಕೊಟ್ಟರು. ಮಿಶ್ರಣವನ್ನು ಅದು ಅದುಮೋದು ಒಂದಕ್ಕೆ ಒಂಬತ್ತರ ಆಸುಪಾಸು. ಹಳೇ ಅಂಬಾಸಿಡರ್ ಇನ್ನೂ ಸೌಮ್ಯ, ಏಳರ ಆಸುಪಾಸು. ಈಗಿನ ಟರ್ಬೊ ಗಾಡಿಗಳು ಗಾಳಿಯನ್ನು ಮೊದಲೇ ತುರುಕಿ ಆಮೇಲೆ ಅದುಮುತ್ತವೆ, ತಾಳ್ಮೆಯ ಪೆಟ್ರೋಲು ಬೇಕಾಗಿರೋದು ಅವಕ್ಕೆ. ನಮ್ಮ 800ಕ್ಕೆ ಹೆಚ್ಚು ಆಕ್ಟೇನು ಕೊಟ್ಟರೆ ಅದನ್ನು ಏನು ಮಾಡಬೇಕು ಅಂತಲೇ ಅದಕ್ಕೆ ಗೊತ್ತಾಗೋದಿಲ್ಲ. ಕೆಲವು ಹೊಸ ಕಾರುಗಳಲ್ಲಿ ನಾಕಿಂಗ್ ಆಲಿಸೋ ಸೆನ್ಸರ್ ಇರುತ್ತೆ, ಒಳ್ಳೇ ಪೆಟ್ರೋಲು ಸಿಕ್ಕರೆ ಟೈಮಿಂಗು ತಾನೇ ಮುಂದಿಟ್ಟುಕೊಂಡು ಸ್ವಲ್ಪ ಲಾಭ ಎತ್ತುತ್ತವೆ. ನಿನ್ನ ಕಾರಿಗೆ ಕಿವಿಯೇ ಇಲ್ಲ. ಅದರ ಟೈಮಿಂಗು ಮೆಕ್ಯಾನಿಕ್ಕು ಡಿಸ್ಟ್ರಿಬ್ಯೂಟರ್ ತಿರುಗಿಸಿ ಬಿಗಿ ಮಾಡಿದಲ್ಲೇ ಇರೋದು.

ಇನ್ನೊಂದು ಕೇಳು, ಇದು ನಮ್ಮೂರಿನವರಿಗೇ ಮೀಸಲಾದ ಭಾಗ್ಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ಸಮುದ್ರ ತೀರಕ್ಕಿಂತ ಶೇಕಡಾ ಹತ್ತರಷ್ಟು ತೆಳು. ಸಿಲಿಂಡರಿನೊಳಗೆ ಹೋಗೋದು ಅಷ್ಟು ಕಡಿಮೆ, ಒತ್ತಡ ಕಡಿಮೆ, ನಾಕಿಂಗ್ ಭಯವೂ ಕಡಿಮೆ. ಅಮೆರಿಕದ ರಾಕಿ ಬೆಟ್ಟಗಳ ಸೀಮೆಯಲ್ಲಿ ಇದೇ ಕಾರಣಕ್ಕೆ ಅವರ ಲೆಕ್ಕದ 85ನ್ನೇ ಮಾರ್ತಾರೆ. ಅಂದರೆ ಮಾರೇನಹಳ್ಳಿಯಲ್ಲಿ ಓಡೋ ಕಾರಿಗೆ ಮಂಗಳೂರಿನಲ್ಲಿ ಓಡೋ ಅದೇ ಕಾರಿಗಿಂತ ಕಡಿಮೆ ಆಕ್ಟೇನು ಸಾಕು. ಶಿರಾಡಿ ಇಳಿದು ಬಿಸಿಲಲ್ಲಿ ಬಂಟ್ವಾಳದ ಕಡೆ ನಾಲ್ಕು ಜನ ಕೂತು ಏರು ಹತ್ತುವಾಗ ಕಟಕಟ ಕೇಳಿದರೆ ಹೆದರಬೇಡ. ಒಂದು ಗೇರು ಇಳಿಸು, ಕಾಲು ಸಡಿಲ ಬಿಡು, ಹೋಗುತ್ತೆ.

ಇಷ್ಟಾದ ಮೇಲೆ ನಿನಗೆ ಇನ್ನೊಂದು ವಿಷಯ ಹೇಳ್ತೀನಿ, ನೀನು ನಂಬೋದಿಲ್ಲ. ಈಗ ಬಂಕಿನಲ್ಲಿ ಸಿಗೋ ಮಾಮೂಲಿ ಪೆಟ್ರೋಲೇ 95. ಬಿಎಸ್-6 ಹೊಗೆ ನಿಯಮ ಬಂದಾಗ, 2020ರ ಏಪ್ರಿಲ್‌ನಲ್ಲಿ, ಕನಿಷ್ಠ 91 ಅಂತ ಇತ್ತು. ಆಮೇಲೆ ಪೆಟ್ರೋಲಿಗೆ ಬೆರೆಸೋ ಎಥೆನಾಲ್ ಶೇಕಡಾ 20ಕ್ಕೆ ಏರಿದ ಮೇಲೆ ಆಕ್ಟೇನು 95ಕ್ಕೆ ಏರಿದೆ ಅಂತ ಪೆಟ್ರೋಲಿಯಂ ಮಂತ್ರಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಎಥೆನಾಲಿನ ಆಕ್ಟೇನೇ 108ರ ಮೇಲೆ, ಬೆರೆಸಿದರೆ ಏರದೆ ಇನ್ನೇನು? 87 ಕುಡಿದು ಬೆಳೆದ ಕಾರು ಈಗ ನಾರ್ಮಲ್ ಅಂತ ಕೇಳಿದರೂ 95 ಕುಡೀತಾ ಇದೆ. ಅದರ ಮೇಲೆ ನೀನು ನೂರರದ್ದು ಹಾಕಿಸಿದ್ದು ಮಾಮೂಲಿಗಿಂತ ಒಂದೂವರೆ ಪಟ್ಟು ಬೆಲೆಗೆ. ಇಪ್ಪತ್ತು ಲೀಟರಿಗೆ ಸಾವಿರ ರೂಪಾಯಿ ಚಿಲ್ಲರೆ ಹೆಚ್ಚು. ಅಷ್ಟರಲ್ಲಿ ಏನೇನು ಮಾಡಿಸಬಹುದಿತ್ತು ಅನ್ನೋದೇ ಈ ಕಾಗದದ ಮುಖ್ಯ ವಿಷಯ.

ಆಕ್ಟೇನಿನ ಚಿಂತೆ ಬಿಡು, ಎಥೆನಾಲಿನ ಚಿಂತೆ ಮಾಡು. ಈ ಇ-20ರ ಕಥೆ ಶುರುವಾದದ್ದು ನಮ್ಮ ಕಡೆಯೇ. 2023ರ ಫೆಬ್ರವರಿ 6ರಂದು ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಂಡಿಯಾ ಎನರ್ಜಿ ವೀಕ್ ನಡೆದಾಗ ಪ್ರಧಾನಿ ಚಾಲನೆ ಕೊಟ್ಟರು, ಆಗ 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ ಇತ್ತು. ಎರಡೂವರೆ ವರ್ಷದೊಳಗೆ ದೇಶವೆಲ್ಲ ಅದೇ ಆಯಿತು. ಎಥೆನಾಲಿಲ್ಲದ ಪೆಟ್ರೋಲಿನ ಆಯ್ಕೆಯಾದರೂ ಇರಲಿ ಅಂತ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಎಥೆನಾಲ್ ಬರೋದು ಕಬ್ಬಿನಿಂದಲೂ, ಮಂಡ್ಯದ ಕಬ್ಬು ಬೆಳೆಯೋನ ಮಗ ನಾನು. ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕರೆ ನನಗೇನು ಹೊಟ್ಟೆಯುರಿ ಇಲ್ಲ. ಆದರೆ ನಿಮ್ಮಪ್ಪನ ಕಾರನ್ನು ಮಾಡಿದವರು ಎಥೆನಾಲ್ ಬರುತ್ತೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಎಥೆನಾಲ್ ಮೂರು ಕೆಲಸ ಮಾಡುತ್ತೆ. ಹಳೇ ರಬ್ಬರನ್ನು ಊದಿಸುತ್ತೆ ಇಲ್ಲವೇ ಒಣಗಿಸಿ ಬಿರುಕು ಬಿಡಿಸುತ್ತೆ. ಇಪ್ಪತ್ತೊಂಬತ್ತು ವರ್ಷದ ಪೈಪು ಅದಕ್ಕೂ ಮೊದಲೇ ಮುದಿಯಾಗಿರುತ್ತೆ ಬಿಡು. ಟ್ಯಾಂಕಿನ ತಳದಲ್ಲಿ ಅಷ್ಟು ವರ್ಷ ಅಂಟಿ ಕೂತ ಕೊಳೆಯನ್ನು ಕರಗಿಸಿ, ಕೆದಕಿ ಫಿಲ್ಟರಿಗೆ, ಅಲ್ಲಿಂದ ಕಾರ್ಬುರೇಟರಿನ ಜೆಟ್ಟಿಗೆ ತಂದು ಕೂರಿಸುತ್ತೆ. ಮೂರನೆಯದು ನೀರು. ಎಥೆನಾಲಿಗೆ ನೀರಂದರೆ ಪ್ರಾಣ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತೆ. ಹಿಡಿಸುವಷ್ಟು ಹಿಡಿಸಿಕೊಂಡು ಒಂದು ದಿನ ಕೈಚೆಲ್ಲಿದರೆ ನೀರೂ ಎಥೆನಾಲೂ ಸೇರಿ ಕೆಳಗಿಳಿದು ತಳದಲ್ಲಿ ಬೇರೆಯಾಗಿ ನಿಲ್ಲುತ್ತವೆ. ಪೆಟ್ರೋಲ್ ಪೈಪು ಹೀರೋದೂ ತಳದಿಂದಲೇ.

ಇದನ್ನು ಒಂದು ಸಲ ಅನುಭವಿಸಿದ್ದೀನಿ. ಜೋರು ಮಳೆ ಬಂದ ಮಾರನೇ ದಿನ ಒಂದು ಬಂಕಿನಲ್ಲಿ ಹಾಕಿಸಿಕೊಂಡು ಮಾಗಡಿ ರೋಡ್ ಟೋಲ್ ಗೇಟ್ ದಾಟಿದೆ, ಅಷ್ಟೇ. ಗಾಡಿ ಕೆಮ್ಮಿ ನಿಂತಿತು. ಟ್ಯಾಂಕು ಬಿಚ್ಚಿ ಬಾಟಲಿಗೆ ಇಳಿಸಿದರೆ ಎಣ್ಣೆ ನೀರು ಬೇರೆಯಾದ ಸಾರಿನ ಹಾಗೆ ಎರಡು ಪದರ. ಅದಕ್ಕೇ ಮಳೆ ಸುರಿದ ಮಾರನೇ ದಿನ ಪೆಟ್ರೋಲು ಹಾಕಿಸೋಕೆ ನಾನು ಅವಸರ ಮಾಡೋದಿಲ್ಲ. ಟ್ಯಾಂಕರು ಬಂದು ಇಳಿಸ್ತಾ ಇರುವಾಗಲೂ ಅಷ್ಟೇ, ತಳದ ಕೊಳೆ ಕದಡಿರುತ್ತೆ, ಮುಂದಿನ ಬಂಕಿಗೆ ಹೋಗು. ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳು, ಬಂಕಿನವರು ಕೊಡಬೇಕು. ನಾಜಲ್ಲಿನ ತುದಿ ಒರೆಸಿ ಒಂದು ಹನಿ ಬಿಡು. ಪೂರ್ತಿ ಆವಿಯಾಗಿ ಕಲೆ ಉಳಿಯದಿದ್ದರೆ ಕಲಬೆರಕೆಯ ಭಯವಿಲ್ಲ. ನೀರನ್ನು ಮಾತ್ರ ಆ ಪೇಪರು ಹಿಡಿಯೋದಿಲ್ಲ, ನೆನಪಿರಲಿ.

ಮೈಲೇಜ್ ಕಡಿಮೆಯಾಯ್ತು ಅಂತಲೂ ಗೊಣಗಿದೆ. ಆಗೇ ಆಗುತ್ತೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಐದರಲ್ಲಿ ಒಂದು ಪಾಲು ಅದೇ ಆದಾಗ ಗುಣಿಸಿ ನೋಡು, ಆರೇಳು ಪರ್ಸೆಂಟು. 2021ರ ನೀತಿ ಆಯೋಗದ ವರದಿಯೂ ಎಥೆನಾಲಿಗೆ ಅಂತ ಮಾಡಿರದ ಕಾರುಗಳಿಗೆ ಶೇಕಡಾ 6-7 ಅಂತಲೇ ಅಂದಾಜು ಮಾಡಿತ್ತು. ಅದಕ್ಕಿಂತ ಜಾಸ್ತಿ ಬಿದ್ದಿದ್ದರೆ ಪೆಟ್ರೋಲನ್ನು ಬೈಯಬೇಡ, ಬ್ರೇಕು ಹಿಡಿದುಕೊಂಡಿದೆಯಾ, ಟೈರಿಗೆ ಗಾಳಿ ಇದೆಯಾ ನೋಡು. ಅತ್ತಿಗುಪ್ಪೆ ಸಿಗ್ನಲ್ಲಿನಲ್ಲಿ ಮೆಟ್ರೋ ಕಂಬ ಎಣಿಸ್ತಾ ಕೂತ ಹೊತ್ತಿಗೂ ಪೆಟ್ರೋಲು ಖರ್ಚಾಗುತ್ತೆ ಅನ್ನೋದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಆ ಸಾವಿರ ರೂಪಾಯಿ ಹಿಡಿದು ಜೆ.ಸಿ. ರಸ್ತೆಗೆ ಹೋಗು. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬುರೇಟರಿಗೆ ಹೋಗೋ ಪೆಟ್ರೋಲ್ ಪೈಪು ಅಳತೆ ಹಿಡಿದು ತಗೋ, ಎಥೆನಾಲ್ ತಡೆಯೋ ಪೈಪೇ ಬೇಕು ಅಂತ ಕೇಳು, ವೈಟಾನ್ ಅಂದರೆ ಅಂಗಡಿಯವನಿಗೆ ಗೊತ್ತಾಗುತ್ತೆ. ಮಾಮೂಲಿಗಿಂತ ದುಬಾರಿ, ಇರಲಿ. ಕ್ಲಿಪ್ಪುಗಳೂ ಹೊಸವು. ಎರಡು ಫಿಲ್ಟರು ತಗೋ, ಒಂದನ್ನು ಈಗ ಹಾಕು, ಕೊಳೆ ಕೆದಕಿ ಅದು ಕಟ್ಟಿಕೊಂಡ ಮೇಲೆ ಇನ್ನೊಂದು. ಕಾರ್ಬುರೇಟರಿನ ಕಿಟ್ಟು ಸಿಕ್ಕರೆ ಡಯಾಫ್ರಂ, ಗ್ಯಾಸ್ಕೆಟ್ಟು ಎಲ್ಲ ಅದರಲ್ಲೇ ಇರುತ್ತೆ. ಹಳೇ ಗಾಡಿಗಳಿಗೆ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ ಬದಲಿಸಬೇಕಾಗಬಹುದು ಅಂತ ಮಂತ್ರಾಲಯವೂ ಒಪ್ಪಿಕೊಂಡಿದೆ. ನಿನ್ನದು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಆ ಲೆಕ್ಕಕ್ಕೆ ಕಾಯಬೇಡ, ರಬ್ಬರು ಕಿಲೋಮೀಟರ್ ನೋಡಿ ಸಾಯೋದಿಲ್ಲ. ಪೆಟ್ರೋಲ್ ವಾಸನೆ ಕಾರಿನೊಳಗೆ ಬಂದ ದಿನವೇ ಕೀ ತೆಗೆದು ಬಾನೆಟ್ ಎತ್ತಬೇಕು. ಇದೊಂದನ್ನು ಮಾತ್ರ ತಮಾಷೆ ಮಾಡದೆ ಹೇಳ್ತಿದ್ದೀನಿ ಪುಟ್ಟಿ. ಬಿಸಿ ಇಂಜಿನ್ನಿನ ಮೇಲೆ ಒಂದು ಪೈಪು ಸೋರಿದರೆ ಕಾರಷ್ಟೇ ಹೋಗೋದಿಲ್ಲ.

ಆಮೇಲೆ ಟ್ಯೂನಿಂಗು. ಎಥೆನಾಲಿನಲ್ಲೇ ಆಮ್ಲಜನಕ ಇರೋದರಿಂದ ಮಿಶ್ರಣ ತೆಳುವಾಗುತ್ತೆ. ಹೊಸ ಕಾರಿನ ಕಂಪ್ಯೂಟರು ಅದನ್ನು ಸರಿದೂಗಿಸಿಕೊಳ್ಳುತ್ತೆ, ಕಾರ್ಬುರೇಟರ್ ಕೊರೆದ ತೂತಿನಷ್ಟೇ ಕೊಡೋದು. ಬೆಳಿಗ್ಗೆ ಚೋಕ್ ಎಳೆದರೂ ಗಾಡಿ ಅಳುತ್ತೆ, ಆಕ್ಸಿಲೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸುತ್ತೆ ಅಂದೆಯಲ್ಲ, ಅದು ಇದೇ. ನೂರರದ್ದು ಹಾಕಿದ ಮೇಲೆ ಸರಿಯಾಯ್ತು ಅಂತಲೂ ಅಂದೆ. ನಾನು ನಂಬ್ತೀನಿ. ಆದರೆ ಸರಿ ಮಾಡಿದ್ದು ಆಕ್ಟೇನಲ್ಲ. ಆ ನೂರರ ಪೆಟ್ರೋಲಿಗೆ ಎಥೆನಾಲ್ ಬೆರೆಸೋದಿಲ್ಲ ಅಂತಾರೆ, ಮಿಶ್ರಣ ಮೊದಲಿನ ಹದಕ್ಕೆ ಬಂತು, ಅಷ್ಟೆ. ಅದೇ ಹದವನ್ನು ಮೆಕ್ಯಾನಿಕ್ಕು ಸ್ಕ್ರೂ ತಿರುಗಿಸಿ, ಬೇಕಾದರೆ ಒಂದಳತೆ ದೊಡ್ಡ ಜೆಟ್ ಹಾಕಿ ತರಬಲ್ಲ. ಒಂದೇ ಸಲದ ಖರ್ಚು.

ಕಂಪ್ಯೂಟರ್ ತಂದು ಚುಚ್ಚೋ ಹುಡುಗರ ಹತ್ತಿರ ಈ ಕೆಲಸಕ್ಕೆ ಹೋಗಬೇಡ. ಕಾಮಾಕ್ಷಿಪಾಳ್ಯದ ಕಡೆ, ಮಾಗಡಿ ರಸ್ತೆಯ ಒಳಗಲ್ಲಿಗಳಲ್ಲಿ ಕಿವಿಯಿಂದ ಟ್ಯೂನಿಂಗ್ ಮಾಡೋ ನರೆಗೂದಲಿನವರು ಇನ್ನೂ ಇದ್ದಾರೆ. ಟೈಮಿಂಗು ತೋರಿಸು. ಹಿಂದೆ ಯಾರಾದರೂ ಪಿಕಪ್ಪಿನ ಆಸೆಗೆ ಟೈಮಿಂಗು ಮುಂದಿಟ್ಟಿದ್ದರೆ ಯಾವ ಪೆಟ್ರೋಲು ಹಾಕಿದರೂ ಇಂಜಿನ್ ಹೊಡೆಯುತ್ತೆ. ರೇಡಿಯೇಟರ್ ಕಟ್ಟಿಕೊಂಡು ಇಂಜಿನ್ ಕಾದರೂ ಹೊಡೆಯುತ್ತೆ. ಹೆಡ್ಡಿನೊಳಗೆ ಕಾರ್ಬನ್ ಪದರ ಕಟ್ಟಿದ್ದರೂ ಅಷ್ಟೆ, ಜಾಗ ಕಿರಿದಾಗಿ ಅದುಮೋದು ಹೆಚ್ಚಾಗುತ್ತೆ, ಕಾರ್ಬನ್ ಕೆಂಡವಾಗಿ ಕೂತು ಪ್ಲಗ್ಗಿಗಿಂತ ಮೊದಲು ಬೆಂಕಿ ಹಚ್ಚುತ್ತೆ. ಕೀ ತೆಗೆದ ಮೇಲೂ ಗಾಡಿ ನಾಲ್ಕು ಸಲ ಗೊಕ್ ಗೊಕ್ ಅಂದು ನಿಲ್ಲೋದು ಅದರ ಗುರುತು. ಇವೆಲ್ಲ ಸರಿ ಮಾಡಿಸಿದ ಮೇಲೂ ಕಟಕಟ ನಿಲ್ಲದಿದ್ದರೆ ಆಗ ಬಾ, ಒಂದು ಮೆಟ್ಟಿಲು ಮೇಲಿನ ಪೆಟ್ರೋಲಿನ ಮಾತಾಡೋಣ.

ಹಳೇ ಕಾರಿಗೆ ಸೀಸ ಬೇಕು, ಅದಕ್ಕೊಂದು ಬಾಟಲಿ ಔಷಧಿ ಬೆರೆಸು ಅಂತ ಎದುರು ಕ್ರಾಸಿನ ಅಂಬಾಸಿಡರ್ ಯಜಮಾನರು ಹೇಳ್ತಾರೆ. ಅವರ ಗಾಡಿಗೆ ಅದು ಪೂರ್ತಿ ಸುಳ್ಳಲ್ಲ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ನಾಕಿಂಗ್ ತಡೆಯೋಕೆ ಪೆಟ್ರೋಲಿಗೆ ಸೀಸ ಬೆರೆಸೋದು ಕಂಡುಹಿಡಿದ. ಆ ಸೀಸವೇ ಎರಕದ ಕಬ್ಬಿಣದ ಹೆಡ್ಡಿನ ವಾಲ್ವ್ ಸೀಟುಗಳು ಸವೆಯದ ಹಾಗೂ ಕಾಯ್ತಾ ಇತ್ತು. ನಿನ್ನ 800ರದ್ದು ಅಲ್ಯೂಮಿನಿಯಂ ಹೆಡ್ಡು, ಗಟ್ಟಿ ಸೀಟು ಬೇರೆ ಕೂರಿಸಿರ್ತಾರೆ, ಅದಕ್ಕೆ ಔಷಧಿ ಬೇಡ. ಅಂಬಾಸಿಡರಿಗೂ ನಮ್ಮೂರಿನ ಟ್ರಾಫಿಕ್ಕಿನ ವೇಗದಲ್ಲಿ ಸೀಟು ಸವೆಯೋ ಹೊತ್ತಿಗೆ ಬೇರೆ ಏನೇನೋ ಸವೆದಿರುತ್ತೆ. ಸೀಸ ಹೋದದ್ದೇ ಒಳ್ಳೇದಾಯ್ತು. ನೀನು ಸ್ಕೂಲಿಗೆ ಹೋಗೋ ಕಾಲಕ್ಕೆ ಈ ಊರಿನ ರಸ್ತೆಬದಿಯ ಗಾಳಿಯಲ್ಲಿ ಅದೇ ತೇಲ್ತಾ ಇತ್ತು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಾನುಗಟ್ಟಲೆ ಇದೇ ಸೀಸದ ಬೆನ್ನು ಹತ್ತಿದ್ದರು. ಜಾರ್ಜ್ ಫೌಂಡೇಶನ್ನಿನವರು ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ದೊಡ್ಡ ಊರುಗಳ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಮಿತಿ ಮೀರಿ ಸೀಸ ಸಿಕ್ಕಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದರ ಮೇಲೆ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಮರುವರ್ಷ, 2000ದ ಫೆಬ್ರವರಿಯಿಂದ, ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. ಪೆಟ್ರೋಲ್ ಬದಲಾದಾಗ ಹಳೇ ಕಾರಿನವರು ಗೊಣಗೋದು ಇದೇ ಮೊದಲಲ್ಲ ಅಂತ ಹೇಳೋಕೆ ಇಷ್ಟು ಎಳೆದೆ. ಆಗ ನಿಮ್ಮಪ್ಪನೂ ಗೊಣಗಿದ್ದ, ಕಾರು ಏನೂ ಅನ್ನದೆ ಓಡಿತು.

ಹಾಗಂತ ನೂರರ ಪೆಟ್ರೋಲಿಗೆ ಉಪಯೋಗವೇ ಇಲ್ಲ ಅನ್ನೋದಿಲ್ಲ. ನೀನು ಬರೋ ತಿಂಗಳಿಂದ ಮೂರು ತಿಂಗಳು ಪುಣೆಗೆ ಹೋಗ್ತೀಯಲ್ಲ, ಆಗ ಕಾರು ಹೊಂಗೆ ಮರದ ಕೆಳಗೆ ಕವರ್ ಹೊದ್ದು ನಿಲ್ಲಬೇಕು, ಮಳೆಗಾಲ ಬೇರೆ. 2020ರ ಲಾಕ್‌ಡೌನಿನಲ್ಲಿ ನನ್ನ ಹಳೇ ಸ್ಕೂಟರನ್ನು ಅರ್ಧ ಟ್ಯಾಂಕಿನಲ್ಲೇ ನಿಲ್ಲಿಸಿ ಮರೆತೆ. ಬಿಚ್ಚಿದಾಗ ಜೆಟ್ಟಿನಲ್ಲಿ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಅಂಟು, ಟ್ಯಾಂಕಿನ ತಳದಲ್ಲಿ ತುಕ್ಕು. ತಪ್ಪು ನನ್ನದೇ. ಹೋಗೋ ಮುಂಚೆ ಇರೋ ಪೆಟ್ರೋಲನ್ನು ಓಡಿಸಿ ಮುಗಿಸು, ಆಮೇಲೆ ಎಥೆನಾಲಿಲ್ಲದ ನೂರರದ್ದು ಹಾಕಿಸು. ಕುತ್ತಿಗೆಯವರೆಗೆ ತುಂಬಿಸಿದಷ್ಟೂ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಇರೋದಿಲ್ಲ, ತೇವ ಇಳಿಯೋದೂ ಕಡಿಮೆ. ಹತ್ತು ಕಿಲೋಮೀಟರ್ ಓಡಿಸಿ ಕಾರ್ಬುರೇಟರಿಗೂ ಅದೇ ಪೆಟ್ರೋಲು ತುಂಬಿಸಿ ನಿಲ್ಲಿಸು. ದುಬಾರಿ ಪೆಟ್ರೋಲಿಗೆ ನಿನ್ನ ಕಾರಿನಲ್ಲಿ ಇರೋ ನ್ಯಾಯವಾದ ಕೆಲಸ ಇದೊಂದೇ. ನಡುವಿನ ಬೆಲೆಯ, 95 ಅಂತಲೇ ಹೆಸರಿಟ್ಟು ಮಾರೋದು ಸಿಗುತ್ತಲ್ಲ, ಲೀಟರಿಗೆ ಕೆಲವು ರೂಪಾಯಿ ಹೆಚ್ಚಿಗೆ, ಅದರಲ್ಲಿ ಕೊಳೆ ತೊಳೆಯೋ ರಾಸಾಯನಿಕ ಹಾಕಿರ್ತಾರೆ. ಆರು ತಿಂಗಳಿಗೊಮ್ಮೆ ಹಾಕಿಸ್ತೀನಿ ಅಂದರೆ ನಾನು ಬೇಡ ಅನ್ನೋದಿಲ್ಲ, ದೇವರಿಗೆ ತೆಂಗಿನಕಾಯಿ ಒಡೆಸಿದ ಹಾಗೆ. ಎಥೆನಾಲ್ ಮಾತ್ರ ಅದರಲ್ಲೂ ಇದೆ.

ಬೇರೆಯವರ ಮಾತಿಗಿಂತ ಮೊದಲು ಕಾರಿನ ಪುಸ್ತಕ ಓದು. ಗ್ಲೌ ಬಾಕ್ಸಿನಲ್ಲಿ ಇಲ್ಲ. ನಿಮ್ಮಪ್ಪ ಅದನ್ನು ಎಲ್‌ಐಸಿ ಬಾಂಡುಗಳ ಜೊತೆ ಬೀರುವಿನಲ್ಲಿ ಇಟ್ಟಿರ್ತಿದ್ದ, ಪ್ಲಾಸ್ಟಿಕ್ ಕವರಿನಲ್ಲಿ. ಅಮ್ಮನನ್ನು ಕೇಳು. ಅದರ ಹಿಂದಿನ ಪುಟಗಳಲ್ಲಿ ಪ್ರತಿ ಸಲ ಹಾಕಿಸಿದ ಪೆಟ್ರೋಲು, ಕಿಲೋಮೀಟರು, ತಾರೀಕು ಪೆನ್ಸಿಲ್ಲಿನಲ್ಲಿ ಬರೆದಿದ್ದಾನೆ. ಮೈಲೇಜ್ ಎಷ್ಟು ಬಿದ್ದಿದೆ ಅಂತ ನಿನಗೆ ನಿಜವಾಗಲೂ ತಿಳಿಯಬೇಕಿದ್ದರೆ ಅದೇ ಪಟ್ಟಿಯ ಕೆಳಗೆ ನೀನು ಮುಂದುವರಿಸು.

ಈಗ ಟ್ಯಾಂಕಿನಲ್ಲಿರೋದನ್ನು ಓಡಿಸಿ ಮುಗಿಸು, ಅದರಿಂದ ಕೆಡುಕೇನೂ ಇಲ್ಲ. ಭಾನುವಾರ ಹತ್ತು ಗಂಟೆಗೆ ಕಾರು ನಮ್ಮ ಮನೆ ಮುಂದೆ ತಂದು ನಿಲ್ಲಿಸು. ಜೆ.ಸಿ. ರಸ್ತೆಗೆ ನೀನು ಹೋಗೋದೂ ಬೇಡ, ಪೈಪು, ಕ್ಲಿಪ್ಪು ನಾನೇ ಶನಿವಾರ ತಂದಿಟ್ಟಿರ್ತೀನಿ, ದುಡ್ಡು ಆಮೇಲೆ ಕೊಡುವೆಯಂತೆ. ಹಳೇ ಬಟ್ಟೆ ಹಾಕಿಕೊಂಡು ಬಾ, ಸ್ಪ್ಯಾನರ್ ಹಿಡಿಯೋದು ನೀನು. ನಾನು ಸ್ಟೂಲಿನ ಮೇಲೆ ಕೂತು ಹೇಳ್ತೀನಿ, ನನಗೆ ಬಗ್ಗೋಕಾಗೋದಿಲ್ಲ.